ಹಳೆಯ ನಿಕಾನ್ ಜೂಮ್ ಲೆನ್ಸ್ ‘ಕೆಲಸಕ್ಕೆ ಬಾರದು’ ಎಂಬುದರ ಬಗ್ಗೆ ಸ್ಪಷ್ಟನೆ
ನಿಕಾನ್‌ನ ಹಳೆಯ 28–105 ಎಂಎಂ ಎಎಫ್-ಡಿ ಮಾದರಿಯ ಜೂಮ್ ಲೆನ್ಸ್ ಅದೇ ಕಂಪನಿಯ ಡಿ3500, ಡಿ5600ರಂತಹ ಕ್ಯಾಮೆರಾಗಳಲ್ಲಿ ಕೆಲಸವೇ ಮಾಡುವುದಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ಅರ್ಧ ಸತ್ಯ. ಇದನ್ನು ನಂಬಿ, ಕಡಿಮೆ ಬೆಲೆಗೆ ಸಿಗುವ ಒಳ್ಳೆಯ ಲೆನ್ಸನ್ನು ಜನ ಕೈಬಿಡುತ್ತಿರುವುದು ಬೇಸರದ ಸಂಗತಿ.

ಈ ಲೆನ್ಸ್‌ನೊಳಗೆ ಫೋಕಸ್ ಮೋಟಾರ್ ಇಲ್ಲ. ಕ್ಯಾಮೆರಾದ ಮೋಟಾರೇ ಅದನ್ನು ತಿರುಗಿಸಬೇಕು. ಮೇಲಿನ ಎರಡೂ ಕ್ಯಾಮೆರಾಗಳಲ್ಲಿ ಆ ಮೋಟಾರ್ ಇಲ್ಲದ ಕಾರಣ ಆಟೋಫೋಕಸ್ ಮಾತ್ರ ನಡೆಯುವುದಿಲ್ಲ. ಬೆಳಕಿನ ಅಳತೆ, ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಒಳಬರುವ ಕಿಂಡಿ) ನಿಯಂತ್ರಣ ಎಂದಿನಂತೆಯೇ ಇರುತ್ತವೆ. ಲೆನ್ಸ್‌ನ ಫೋಕಸ್ ಉಂಗುರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಫೋಕಸ್ ಸರಿಹೊಂದಿದಾಗ ವ್ಯೂಫೈಂಡರ್‌ನ ಕೆಳ ಎಡಮೂಲೆಯಲ್ಲಿ ದುಂಡನೆಯ ಚುಕ್ಕೆ ಬೆಳಗುತ್ತದೆ. ಡಿ7200ರಲ್ಲಿ ಮೋಟಾರ್ ಇದೆ, ಅಲ್ಲಿ ಈ ಶ್ರಮವೂ ಬೇಡ.

ಲೆನ್ಸ್ ಜೋಡಿಸಿದೊಡನೆ ಕ್ಯಾಮೆರಾದಲ್ಲಿ ‘ಎಫ್‌ಇಇ’ ಎಂಬ ಸೂಚನೆ ಕಂಡರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಲೆನ್ಸ್ ಮೇಲಿನ ಅಪರ್ಚರ್ ಉಂಗುರವನ್ನು 22ಕ್ಕೆ ತಿರುಗಿಸಿ ಲಾಕ್ ಮಾಡಿದರೆ ಸಾಕು.

ಓಡಾಡುವ ಮಕ್ಕಳನ್ನು ಸೆರೆಹಿಡಿಯುವುದು ಕಷ್ಟ, ನಿಜ. ಆದರೆ ಲೆನ್ಸ್‌ನ ಮ್ಯಾಕ್ರೊ ಸ್ವಿಚ್ (ತೀರಾ ಹತ್ತಿರದಿಂದ ಚಿತ್ರ ತೆಗೆಯಲು ಇರುವುದು) ಹಾಕಿ 105 ಎಂಎಂನಲ್ಲಿ ಹತ್ತಿರ ಹೋದರೆ ಹೂವು, ಕೀಟಗಳು ನಿಜ ಗಾತ್ರದ ಅರ್ಧದಷ್ಟು ಸೆನ್ಸರ್ ಮೇಲೆ ಮೂಡುತ್ತವೆ. ಈ ಬೆಲೆಗೆ ಅದು ದೊಡ್ಡ ಲಾಭವೇ ಸರಿ. ಕೊಳ್ಳುವ ಮುನ್ನ ಟಾರ್ಚ್ ಬೆಳಕು ಹಾಯಿಸಿ, ಗಾಜಿನೊಳಗೆ ಜೇಡರಬಲೆಯಂತಹ ಬೂಷ್ಟು ಹಿಡಿದಿದೆಯೇ ಎಂದು ತಪ್ಪದೇ ನೋಡಿ.