ಮಂಗಕ್ಕೊಂದು ಕೇರಿ

ಮೊನ್ನೆ ಊರಿನ ಗ್ರಾಮಸಭೆಗೆ ಹೋಗಿದ್ದೆ. ತೋಟದ ಖಾತೆ ಕೆಲಸ ಬಾಕಿ ಇತ್ತು, ಸಭೆ ದಿನ ಬಿಟ್ಟರೆ ಪಿಡಿಒ ಕೈಗೆ ಸಿಗುವುದಿಲ್ಲ ಅಂತ ಚಿಕ್ಕಪ್ಪ ಹೇಳಿದ್ದರು. ಚರ್ಚೆಗೆ ಮೂರು ವಿಷಯ: ಕುಡಿಯುವ ನೀರು, ಕೇರಿಯ ರಸ್ತೆ, ಮಂಗ. ನೀರು ಐದು ನಿಮಿಷದಲ್ಲಿ ಮುಗಿಯಿತು. ರಸ್ತೆಗೆ ಅಷ್ಟೂ ಹಿಡಿಯಲಿಲ್ಲ, ಹೋದ ವರ್ಷದ ಠರಾವನ್ನೇ ತಾರೀಕು ಬದಲಿಸಿ ಬರೆದುಕೊಂಡರು. ಮಂಗಕ್ಕೆ ಎರಡು ಗಂಟೆ.

ಮಂಗನ ಕಾಟ ಸುಳ್ಳಲ್ಲ ಬಿಡಿ. ಎಳೆ ಅಡಿಕೆ ಕಿತ್ತು ಚೀಪಿ ಬಿಸಾಡುತ್ತವೆ, ಬಾಳೆಗೊನೆ ಬಲಿಯಲು ಬಿಡುವುದಿಲ್ಲ, ಹೆಂಚು ಸರಿಸಿ ಒಳಗಿಳಿದು ಅವಲಕ್ಕಿ ಡಬ್ಬದ ಮುಚ್ಚಳ ತಿರುಗಿಸುವಷ್ಟು ಕಲಿತಿವೆ. ಕಾಡು ಕಡಿದು ಅಕೇಶಿಯಾ ನೆಡುವಾಗ ಇವು ಇನ್ನೇನು ತಿನ್ನುತ್ತವೆ ಅಂತ ಯಾರೂ ಕೇಳಿರಲಿಲ್ಲ. ಈಗ ಅವು ತಾವಾಗಿಯೇ ಬಂದು ಉತ್ತರ ಹೇಳುತ್ತಿವೆ.

ಮೊದಲು ಎದ್ದು ನಿಂತವರು ನಮ್ಮ ಚಿಕ್ಕಪ್ಪನೇ.

"ಇವು ನಮ್ಮೂರ ಮಂಗ ಅಲ್ಲ ಮಾರಾಯ್ರೆ. ನಮ್ಮ ಮಂಗಕ್ಕೆ ಒಂದು ಮರ್ಯಾದೆ ಅಂತ ಇತ್ತು, ಹೋ ಅಂದ್ರೆ ಓಡ್ತಿತ್ತು. ಇವು ಪೇಟೆಯಿಂದ ರಾತ್ರಿ ಲಾರೀಲಿ ತಂದು ಬಿಟ್ಟಿದ್ದು. ನೋಡಿದ್ರೇ ಗೊತ್ತಾಗ್ತದೆ."

ಹೇಗೆ ಗೊತ್ತಾಗುತ್ತದೆ? ಬಣ್ಣ ಬೇರೆಯಂತೆ. ಕೂರುವ ಠೀವಿ ಬೇರೆಯಂತೆ. ಮರಿ ಹಾಕುವುದೂ ಜಾಸ್ತಿಯಂತೆ. "ಹಿಂಗೇ ಬಿಟ್ರೆ ಇನ್ನು ಹತ್ತು ವರ್ಷಕ್ಕೆ ನಮ್ಮ ಮಂಗ ಒಂದೂ ಉಳಿಯೋದಿಲ್ಲ" ಅಂತ ಹಿಂದಿನಿಂದ ಯಾರೋ ದನಿಗೂಡಿಸಿದರು. ಅರ್ಧ ಗಂಟೆ ಹಿಂದೆ ಮಂಗ ಸಂಪೂರ್ಣ ತೊಲಗಬೇಕು ಎಂದಿದ್ದ ಸಭೆಗೆ ಈಗ ಸ್ವಂತ ಮಂಗಗಳು ಕಡಿಮೆಯಾಗುವ ಚಿಂತೆ ಹತ್ತಿತು. ಈ ಭಾಷಣವನ್ನು ನಾನು ಬೇರೆ ಬೇರೆ ವೇದಿಕೆಗಳಲ್ಲಿ ಬೇರೆ ಬೇರೆ ಜನರ ಮೇಲೆ ಕೇಳಿದ್ದೇನೆ. ಮಂಗನ ಮೇಲೆ ಕೇಳಿದ್ದು ಇದೇ ಮೊದಲು.

ಆಮೇಲೆ ಮುಸುವದ ಪ್ರಶ್ನೆ ಬಂತು. ಮುಖ ಕಪ್ಪಗಿರುವ, ಬಾಲ ಉದ್ದ ಇರುವ ಮುಸುವ ಹನುಮಂತನ ಸಾಕ್ಷಾತ್ ವಂಶ, ಅದನ್ನು ಹಿಡಿಯುವುದು ಮಹಾಪಾಪ ಎಂದು ಹಿರಿಯರೊಬ್ಬರು ಹೇಳಿದರು. "ದೇವಸ್ಥಾನದ ಕ್ಯಾಲೆಂಡರಲ್ಲಿ ಹನುಮಂತನ ಮುಖ ಕೆಂಪಗಿದ್ಯಲ್ಲ?" ಅಂತ ಒಬ್ಬ ಹುಡುಗ ಕೇಳಿ ಬೈಸಿಕೊಂಡ. ಕೊನೆಗೆ ಮುಸುವಕ್ಕೆ ವಿನಾಯಿತಿ, ಮಂಗಕ್ಕೆ ಬೋನು ಎಂದು ತೀರ್ಮಾನ. ಮುಸುವದ ಸುದ್ದಿ ಬಂದಾಗಲೆಲ್ಲ ಚಿಕ್ಕಪ್ಪ "ಅವರು" ಎನ್ನುತ್ತಿದ್ದರು. "ಅವರು ತೋಟಕ್ಕೆ ಬಂದ್ರೂ ಎಲೆ, ಚಿಗುರು ತಿಂದು ಹೋಗ್ತಾರೆ." ಅದೇ ಉಸಿರಿನಲ್ಲಿ, ಮಾತಾಡಲೆಂದು ಎದ್ದ ಕೇರಿಯ ಅಜ್ಜಿಗೆ, ನನ್ನ ಅಜ್ಜಿ ಇದ್ದಿದ್ದರೆ ಅವರ ಓರಗೆಯವರು, "ಏಯ್ ನೀನು ಕೂತ್ಕ, ನಿಂದು ಆಮೇಲೆ" ಅಂದರು. ಕನ್ನಡದಲ್ಲಿ ಬಹುವಚನ ಇರುವುದೇ ಇಂಥ ಅನುಕೂಲಕ್ಕೆ.

1758ರಲ್ಲಿ ಸ್ವೀಡನ್ನಿನ ಲಿನೇಯಸ್ ಜೀವರಾಶಿಗಳ ಪಟ್ಟಿ ಪ್ರಕಟಿಸುವಾಗ ಮನುಷ್ಯ, ಮಂಗ, ಕಾಡುಪಾಪ, ಬಾವಲಿ ಇಷ್ಟನ್ನೂ ಪ್ರೈಮೇಟ್ ಎಂಬ ಒಂದೇ ಪಂಕ್ತಿಯಲ್ಲಿ ಕೂರಿಸಿದ. ಎಲೆ ಹಾಕಿದ್ದೇನೋ ಒಂದೇ ಸಾಲಿಗೆ, ಬಡಿಸುವಾಗ ಶುರುವಾಯಿತು ಪಂಕ್ತಿಭೇದ. ಮನುಷ್ಯರನ್ನು ಖಂಡ, ಮೈಬಣ್ಣ ನೋಡಿ ವಿಂಗಡಿಸಿ ಸ್ವಭಾವವನ್ನೂ ಬರೆದ: ಯುರೋಪಿನವನು ಕಾನೂನಿನಂತೆ ನಡೆಯುವವನು, ಆಫ್ರಿಕದವನು ಮನಸ್ಸು ಬಂದಂತೆ ನಡೆಯುವವನು. ಪಟ್ಟಿ ಬರೆದವನು ಯಾವ ಖಂಡದವನು ಅಂತ ಕೇಳಬೇಡಿ. ನಮ್ಮ ಚಿಕ್ಕಪ್ಪ ಲಿನೇಯಸ್ಸನ್ನು ಓದಿಲ್ಲ. ಮುಸುವವನ್ನೂ ಮಂಗವನ್ನೂ ಬೇರೆ ಮಾಡಿ, ಮಂಗದಲ್ಲಿ ಊರಿನದು ಪೇಟೆಯದು ಅಂತ ಒಳಪಂಗಡ ಮಾಡಲು ಅವರಿಗೆ ಓದಿನ ನೆರವು ಬೇಕಾಗಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರಿಗೆ ಸ್ಟೀಲ್ ಲೋಟ, ಹಿಂದೆ ಜಮಖಾನದ ಮೇಲೆ ಕೂತವರಿಗೆ ಪೇಪರ್ ಲೋಟ. ನಾನು ಹುಬ್ಬು ಏರಿಸಿದ್ದು ಕಂಡು ಚಹಾ ಕೊಡುವವನು "ಸ್ಟೀಲ್ ಲೋಟ ಕಮ್ಮಿ ಬಿತ್ತು ಸಾರ್" ಅಂದ. ಹೋದ ವರ್ಷವೂ ಕಮ್ಮಿ ಬಿದ್ದಿತ್ತು, ಸರಿಯಾಗಿ ಅದೇ ಸಾಲಿಗೆ. ಅಸ್ಪೃಶ್ಯತೆ ಹೋಯಿತು ಅಂತ ಸಂವಿಧಾನದ 17ನೇ ವಿಧಿ 1950ರಲ್ಲೇ ಹೇಳಿದೆ. ಅದನ್ನು ಬರೆದವರಿಗೆ ಪೇಪರ್ ಲೋಟ ಬರುತ್ತದೆ ಅಂತ ಗೊತ್ತಿರಲಿಲ್ಲ. ಮೊದಲೆಲ್ಲ ಬೇರೆ ಲೋಟ ಇಡಬೇಕು, ತೊಳೆಸಬೇಕು, ಸೂರಿಗೆ ಸಿಕ್ಕಿಸಬೇಕು, ಯಾರಾದರೂ ಕೇಳಿದರೆ ಉತ್ತರ ಕೊಡಬೇಕು. ಈಗ ಕುಡಿದ ಮೇಲೆ ಬಿಸಾಡಿದರೆ ಸಾಕ್ಷಿಯೂ ಕಸದ ಬುಟ್ಟಿಗೆ. ಮೇಲಾಗಿ ಅದು ಶುಚಿತ್ವ.

ಚಹಾ ಕುಡಿದ ಸಭೆಗೆ ಹೊಸ ಹುರುಪು ಬಂದು ಮಂಗಗಳ ಪಾರ್ಕಿನ ಮಾತು ಎದ್ದಿತು. ಕೆಲವು ವರ್ಷಗಳ ಹಿಂದೆ ಹೊಸನಗರ ತಾಲ್ಲೂಕಿನಲ್ಲಿ ಇಂಥ ಪಾರ್ಕ್ ಆಗಬೇಕು ಅಂತ ಜೋರು ಪ್ರಸ್ತಾಪ ಇತ್ತು, ನೆನಪಿರಬಹುದು. ಎಲ್ಲರಿಗೂ ಪಾರ್ಕ್ ಬೇಕು, ಆದರೆ ಆಚೆ ಊರಲ್ಲಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿದಾಗ ಮನೆ, ಗದ್ದೆ ಮುಳುಗಿ ಗುಡ್ಡ ಹತ್ತಿದ ಸಂಸಾರಗಳು ಇದೇ ಹೊಸನಗರ, ಸಾಗರ, ತೀರ್ಥಹಳ್ಳಿ ಕಡೆ ಇವೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುವವರು ಅವರಲ್ಲಿದ್ದಾರೆ. ಮಂಗಕ್ಕೆ ಎಷ್ಟು ಎಕರೆ ಬೇಕು ಎಂಬ ಲೆಕ್ಕವನ್ನು ನಮ್ಮ ಸಭೆ ಹತ್ತು ನಿಮಿಷದಲ್ಲಿ ಹಾಕಿತು: ಸುತ್ತ ಬೇಲಿ, ಒಳಗೆ ಹಣ್ಣಿನ ಮರ, ಹೊರಗೆ ಬರಬಾರದು, ಬಂದರೆ ಹೊಡೆಯುವುದು. ಕೇಳುತ್ತ ಕೂತಿದ್ದ ನನಗೆ ಈ ನಕ್ಷೆ ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸಿತು. ಕಿಟಕಿಯಾಚೆ ನೋಡಿದರೆ ಕಂಡಿತು, ರಸ್ತೆಯಿಲ್ಲದ ಕೇರಿ. ಅಲ್ಲಿ ಹಣ್ಣಿನ ಮರ ಇಲ್ಲ, ಅಷ್ಟೇ ವ್ಯತ್ಯಾಸ.

ಆರೋಗ್ಯ ಇಲಾಖೆಯವರು ಮಂಗನ ಕಾಯಿಲೆಯ ಬಗ್ಗೆಯೂ ನಾಲ್ಕು ಮಾತು ಹೇಳಿದರು. ಈ ಹೆಸರಿನ ಕತೆಯೇ ಒಂದು ಅನ್ಯಾಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿ ಬಿದ್ದು ಸತ್ತವು, ಹಳ್ಳಿಯವರು ಜ್ವರ ಬಂದು ಸತ್ತರು. ಹರಡುವುದು ಉಣುಗು. ಮಂಗ ನಮಗಿಂತ ಮೊದಲು ಕಚ್ಚಿಸಿಕೊಂಡು, ನಮಗಿಂತ ಮೊದಲು ಸತ್ತು, ಇಲ್ಲಿ ಬರಬೇಡಿ ಅಂತ ಹೆಣವಾಗಿ ಎಚ್ಚರಿಸಿದ ಪ್ರಾಣಿ. ಅದರ ಹೆಸರನ್ನೇ ಕಾಯಿಲೆಗೆ ಇಟ್ಟೆವು. ಇಂಗ್ಲಿಷಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ಯಾಸನೂರಿನ ಹೆಸರಿಟ್ಟರು. ಆ ಊರು ಮಾಡಿದ ತಪ್ಪಾದರೂ ಏನೋ. ಉಣುಗಿನ ಹೆಸರು ಮಾತ್ರ ಎಲ್ಲೂ ಬರಲಿಲ್ಲ. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರೂ, ಕೇರಿಯಲ್ಲಿ ಒಬ್ಬರಿಗೆ ಜ್ವರ ಬಂದ ವರ್ಷ ಅಲ್ಲಿಯ ಯಾರನ್ನೂ ಅಂಗಳಕ್ಕೆ ಸೇರಿಸದಿದ್ದ ಮನೆಗಳು ನನಗೆ ಗೊತ್ತು. ಅಂದಹಾಗೆ ಜ್ವರ ಬಂದದ್ದು ಬೆಟ್ಟಕ್ಕೆ ಹೋಗಿದ್ದಕ್ಕೆ, ಬೆಟ್ಟಕ್ಕೆ ಹೋಗಿದ್ದು ದರಗು, ಅಂದರೆ ಉದುರಿದ ಒಣ ಎಲೆ, ತರಲಿಕ್ಕೆ, ದರಗು ಬೇಕಿದ್ದದ್ದು ಅದೇ ಮನೆಗಳ ಕೊಟ್ಟಿಗೆಗೆ.

ಕೊಟ್ಟಿಗೆ ಎಂದಾಗ ನೆನಪಾಯಿತು. ನಮ್ಮ ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯ ಪ್ರಕಾರ ಹಸು ಯಾವ ವಯಸ್ಸಿನಲ್ಲೂ ಜಾನುವಾರು. ಎಮ್ಮೆ 13 ವರ್ಷ ತುಂಬುವವರೆಗೆ ಮಾತ್ರ ಜಾನುವಾರು. ಹದಿಮೂರನೇ ಹುಟ್ಟುಹಬ್ಬದ ಬೆಳಿಗ್ಗೆ ಅದು ಇನ್ನೇನಾಗುತ್ತದೆ ಎನ್ನುವುದನ್ನು ಎಮ್ಮೆಗೆ ಯಾರೂ ತಿಳಿಸಿದಂತಿಲ್ಲ. ಹಾಲು ಗಟ್ಟಿ, ಬಣ್ಣ ಕಪ್ಪು. ಯಾವುದನ್ನು ಲೆಕ್ಕಕ್ಕೆ ಹಿಡಿದರು ಅಂತ ನಾನು ಹೇಳುವುದಿಲ್ಲ.

ಚಿಕ್ಕಪ್ಪನ ಅಟ್ಟದ ಮೇಲೆ ಹಳೆಯ ಕೊಳಗ ಒಂದಿದೆ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದಾಗ ಜಗಳ ಇಂಥ ಕೊಳಗದ ಸುತ್ತಲೇ ಎದ್ದದ್ದು. ಗೇಣಿ ಭತ್ತ ಅಳೆಯುವ ಕೊಳಗ ಯಾಕೆ ಅಷ್ಟು ದೊಡ್ಡದು ಎಂದು ಅವರು ಕೇಳಿದರು. ಸಮಾಜವಾದಿ ನಾಯಕ ಲೋಹಿಯಾ ದೂರದಿಂದ ಬಂದು ಬಂಧನಕ್ಕೊಳಗಾದರು. ಆಮೇಲೆ ಉಳುವವನೇ ಒಡೆಯ ಅಂತ ಆಯಿತು, ಕೊಳಗ ಅಟ್ಟ ಹತ್ತಿತು. ಆದರೆ ಸಭೆಯಲ್ಲಿ ಮಂಗದಿಂದಾದ ನಷ್ಟ ಬರೆಸುವಾಗ ಅದು ಸದ್ದಿಲ್ಲದೆ ಕೆಳಗಿಳಿದಿತ್ತು. ಚಿಕ್ಕಪ್ಪ ಹೇಳಿದ ನಷ್ಟ, ಒಳ್ಳೆ ಮಳೆಯಾದ ವರ್ಷ ಆ ತೋಟ ಕೊಡುವ ಫಸಲಿಗಿಂತ ಜಾಸ್ತಿ. ಮಂಗ ತಿಂದದ್ದನ್ನು ಅಳೆಯಲು ದೊಡ್ಡ ಕೊಳಗ, ಅಡಿಕೆ ಕೊನೆ ಕೊಯ್ದವನ ಕೂಲಿ ಅಳೆಯಲು ಅಂಗೈ.

ಕೊನೆಗೆ ಪಿಡಿಒ ಠರಾವು ಓದಿದರು: ಮಂಗಗಳನ್ನು ಹಿಡಿಸಿ ಗ್ರಾಮದ ಗಡಿಯಲ್ಲಿ ಬಿಡತಕ್ಕದ್ದು. ಅಜ್ಜಿ ಮತ್ತೆ ಎದ್ದರು.

"ಗಡಿ ಅಂದ್ರೆ ಎಂತ ಸಾರ್? ನಮ್ಮ ಕೇರಿ ಹತ್ರ ಅಲ್ದಾ?"

ಪಿಡಿಒ ಚಿಕ್ಕಪ್ಪನ ಮುಖ ನೋಡಿದರು. ಚಿಕ್ಕಪ್ಪ ಸೂರು ನೋಡಿದರು. "ಸರ್ವಾನುಮತದಿಂದ" ಎಂದು ನಡಾವಳಿ ಪುಸ್ತಕದಲ್ಲಿ ಮೊದಲೇ ಬರೆದಾಗಿತ್ತು. ಹೊಡೆದು ಹಾಕಿದರೆ ಪುಟ ಅಸಹ್ಯವಾಗುತ್ತದೆ.

ಸಭೆ ಎದ್ದಿತು. ನನ್ನ ಖಾತೆ ಕೆಲಸ ಮುಂದಿನ ಸಭೆಗೆ ಹೋಯಿತು. ಚಹಾದವನು ಸ್ಟೀಲ್ ಲೋಟ ಎಣಿಸಿ ಚೀಲಕ್ಕೆ ತುಂಬುತ್ತಿದ್ದವನು ನಿಂತ, ಮತ್ತೊಮ್ಮೆ ಎಣಿಸಿದ. ಒಂದು ಕಮ್ಮಿ.

"ಮಂಗಾನೇ ಹೊತ್ಕೊಂಡು ಹೋಗಿರ್ತದೆ" ಅಂದರು ಚಿಕ್ಕಪ್ಪ. ಅಂದು, ತಿರುಗಿ ಜಮಖಾನದ ಕಡೆ ನೋಡಿದರು.