ಹಸಿರು ಆಪಲ್ ಫ್ಲೇವರ್: ಬಾಟಲಿ ಮೂಸಿ ಒಳ್ಳೇದು ಅನ್ನಬೇಡಿ

ನಾನು ಸಿಗರೇಟು ಬಿಟ್ಟು ಮೂರು ವರ್ಷ ಆಯ್ತು. ಬಿಡಿಸಿದ್ದು ವೇಪ್, ಅಂದ್ರೆ ಲಿಕ್ವಿಡ್ ಕಾಯಿಸಿ ಅದರ ಆವಿ ಸೇದುವ ಇ-ಸಿಗರೇಟು. ನಾನಿರುವ ಮ್ಯಾಂಚೆಸ್ಟರ್‌ನಲ್ಲಿ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ, ಲಿಕ್ವಿಡ್ ಮನೆಯಲ್ಲೇ ಕಲಸಿಕೊಳ್ಳುವವರೂ ಇದ್ದಾರೆ. ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂತು, 2019ರಲ್ಲಿ ಇಡೀ ದೇಶಕ್ಕೆ. ಹಾಗಾಗಿ ಊರಿನ ಗೆಳೆಯರು "ಬರುವಾಗ ಒಂದು ತಂದುಕೊಡೋ" ಅಂತ ದಯವಿಟ್ಟು ಕೇಳಬೇಡಿ. ಸಿಗರೇಟೇ ಸೇದದವರಿಗಂತೂ ಇದು ಬೇಡವೇ ಬೇಡ.

ಹೋದ ತಿಂಗಳು ಹಸಿರು ಆಪಲ್ ಕಾನ್ಸಂಟ್ರೇಟ್‌ನ ಒಂದು ಬಾಟಲಿ ತರಿಸಿದೆ, ಲಿಕ್ವಿಡ್‌ಗೆ ಬೆರೆಸುವ ಗಟ್ಟಿ ಫ್ಲೇವರ್ ಅದು. ಮುಚ್ಚಳ ತೆಗೆದ ಕೂಡಲೇ ಅಡುಗೆಮನೆ ತುಂಬಾ ವಾಸನೆ. ನೆನಪಾದದ್ದು ಹಣ್ಣಲ್ಲ, ಹಾಸ್ಟೆಲಿನಲ್ಲಿ ಹಚ್ಚುತ್ತಿದ್ದ ಹಸಿರು ಶಾಂಪೂ. ಆದರೆ ಮೂಸಿ ನೋಡಿ ಒಳ್ಳೇದು ಕೆಟ್ಟದ್ದು ಹೇಳೋಕಾಗಲ್ಲ. ಅಷ್ಟು ಗಟ್ಟಿ ಇರುವಾಗ ಮೂಗಿಗೆ ಏನೂ ತಿಳಿಯುವುದಿಲ್ಲ.

ಹೋಲಿಸಿ ನೋಡೋಣ ಅಂತ ಒಂದು ಗ್ರಾನಿ ಸ್ಮಿತ್ ಹಣ್ಣು ತಂದು ಹೆಚ್ಚಿದೆ. ಅದರ ಸಿಪ್ಪೆಯ ಹತ್ತಿರ ಮೂಗು ಇಟ್ಟು ನೋಡಿ. ಮೊದಲು ಬರುವುದು ಆಗಷ್ಟೇ ಕೊಯ್ದ ಹುಲ್ಲಿನ ವಾಸನೆ, ಆಮೇಲೆ ಸಿಹಿ. ಹುಲ್ಲಿನ ವಾಸನೆಗೆ ಸಿಸ್-3-ಹೆಕ್ಸೆನಾಲ್ ಥರದ್ದು, ಹಣ್ಣಿನ ಸಿಹಿ ವಾಸನೆಗೆ ಹೆಕ್ಸೈಲ್ ಅಸಿಟೇಟ್ ಥರದ್ದು ಕಾರಣ. ನಾಲಿಗೆಯ ಹುಳಿ ಮ್ಯಾಲಿಕ್ ಆಸಿಡ್‌ನದು. ಒಳ್ಳೆಯ ಹಸಿರು ಆಪಲ್ ಫ್ಲೇವರ್ ಅಂದ್ರೆ ಆ ಸಿಪ್ಪೆ ಸಿಗಬೇಕು. ಬರೀ ಸಿಹಿ ಸಿಕ್ಕರೆ ಅದು ಪೆಪ್ಪರಮೆಂಟು.

10 ಎಂ.ಎಲ್.ನ ಮೂರು ಬಾಟಲಿ ಕಲಸಿದೆ, ಫ್ಲೇವರ್ ಪ್ರಮಾಣ ಶೇ. 2, ಶೇ. 4, ಶೇ. 6. ಉಳಿದದ್ದು ಲಿಕ್ವಿಡ್‌ನ ಮೂಲ ದ್ರವಗಳಾದ ಪಿ.ಜಿ. (ಪ್ರೊಪೈಲೀನ್ ಗ್ಲೈಕಾಲ್), ವಿ.ಜಿ. (ವೆಜಿಟಬಲ್ ಗ್ಲಿಸರಿನ್) ಅರ್ಧರ್ಧ. ನಿಕೋಟಿನ್ ಹಾಕಲಿಲ್ಲ, ಹಾಕಿದರೆ ಗಂಟಲು ಕೆರೆದದ್ದು ಫ್ಲೇವರೋ ನಿಕೋಟಿನ್ನೋ ಗೊತ್ತಾಗಲ್ಲ. ಬೇರೆ ಯಾವ ಫ್ಲೇವರನ್ನೂ ಸೇರಿಸಲಿಲ್ಲ. ಒಂದು ವಾರ ಕಪಾಟಿನಲ್ಲಿ ಇಟ್ಟು, ಪ್ರತಿ ಬಾಟಲಿಗೂ ಹೊಸ ಕಾಯಿಲ್ (ಲಿಕ್ವಿಡ್ ಕಾಯಿಸುವ ತಂತಿ), ಲಿಕ್ವಿಡ್ ಹೀರಿಕೊಳ್ಳುವ ಹೊಸ ಹತ್ತಿ ಹಾಕಿದೆ.

ಮೊದಲ ದಿನ ಶೇ. 4 ಬಹಳ ಹಿಡಿಸಿತು. ಆವತ್ತೇ ಬರೆದಿದ್ದರೆ ಹೊಗಳಿ ಬರೆಯುತ್ತಿದ್ದೆ. ಮೂರನೇ ದಿನಕ್ಕೆ ಗಂಟಲು ಒಣಗಿ ಕೆರೆಯತೊಡಗಿತು, ನಾಲಿಗೆಗೆ ರುಚಿಯೇ ಹತ್ತುತ್ತಿರಲಿಲ್ಲ. ಶೇ. 6 ಮತ್ತದೇ ಶಾಂಪೂ. ಅದರ ಕಾಯಿಲ್ ಬಿಚ್ಚಿ ನೋಡಿದರೆ ಬೆಲ್ಲದ ಪಾಕ ತಳ ಹಿಡಿದ ಹಾಗೆ ಕಪ್ಪು ಪದರ. ಸಿಹಿಗೆ ಏನೋ ಬೆರೆಸಿದ್ದಾರೆ ಅಂತ ನನ್ನ ಅನುಮಾನ, ಲೇಬಲ್‌ನಲ್ಲಿ ಹೇಳಿಲ್ಲ. ಲಿಕ್ವಿಡ್ ತುಂಬುವ ಹಳೆಯ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಕೂದಲೆಳೆಯಂಥ ಬಿರುಕು ಬೇರೆ. ಹುಳಿ ಆಪಲ್ ಫ್ಲೇವರ್‌ಗೆ ಗಾಜಿನ ಟ್ಯಾಂಕೇ ಬೇಕು. ಶೇ. 2 ತೆಳು. ಆದರೆ ಸಿಪ್ಪೆಯ ವಾಸನೆ ಸಿಕ್ಕಿದ್ದು ಅದರಲ್ಲಿ ಮಾತ್ರ. ನನ್ನ ಓಟು ಅದಕ್ಕೇ.

ಇನ್ನೊಂದು ಮಾತು, ಇದು ನನಗೆ ರುಚಿಗಿಂತ ಮುಖ್ಯ. ಬಾಟಲಿ ಮೇಲೆ "ಫುಡ್ ಗ್ರೇಡ್" ಅಂತ ದೊಡ್ಡದಾಗಿ ಬರೆದಿದೆ. ಫುಡ್ ಗ್ರೇಡ್ ಹೊಟ್ಟೆಗೆ, ಶ್ವಾಸಕೋಶಕ್ಕಲ್ಲ. 2000ದಲ್ಲಿ ಅಮೆರಿಕದ ಮಿಸೌರಿಯ ಜಾಸ್ಪರ್ ಊರಿನ ಪಾಪ್‌ಕಾರ್ನ್ ಕಾರ್ಖಾನೆ ಕಾರ್ಮಿಕರ ಕಥೆ ಬೆಳಕಿಗೆ ಬಂತು. ಬೆಣ್ಣೆ ವಾಸನೆ ಕೊಡುವ ಡೈಅಸಿಟೈಲ್ ಅನ್ನು ಜನ ಆರಾಮಾಗಿ ತಿನ್ನುತ್ತಿದ್ದರು, ಅದರ ಆವಿ ಉಸಿರಾಡಿದವರ ಶ್ವಾಸಕೋಶ ಹಾಳಾಗಿತ್ತು. ಹಸಿರು ಆಪಲ್ ವಿಷಯಕ್ಕೇ ಬಂದರೆ, ಅದಕ್ಕೆ ಬಳಸುವ ಫಾರ್ನೆಸಾಲ್ ನಿಕೋಟಿನ್ ಇಲ್ಲದೆಯೂ ಗಂಡು ಇಲಿಗಳಿಗೆ ಮತ್ತೆ ಬೇಕು ಅನ್ನಿಸುವಂತೆ ಮಾಡಿದ್ದನ್ನು ಸಂಶೋಧಕರು ಕಂಡಿದ್ದಾರೆ. ಸಿಗರೇಟಿನ ಚಟದಿಂದ ಹೊರಬಂದ ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ.

ಹಾಗಾಗಿ ಮಾರಿದವರಿಗೆ ಮೇಲ್ ಬರೆದು ಕೇಳಿದೆ: ಇದರಲ್ಲಿ ಏನೇನಿದೆ, ಸಿಹಿಗೆ ಏನು ಹಾಕಿದ್ದೀರಿ, ಡೈಅಸಿಟೈಲ್ ಪರೀಕ್ಷೆ ಮಾಡಿಸಿದ್ದೀರಾ? ನಾಲ್ಕು ದಿನ ಬಿಟ್ಟು ಒಂದೇ ಸಾಲಿನ ಉತ್ತರ ಬಂತು: "ನಮ್ಮ ಎಲ್ಲಾ ಫ್ಲೇವರ್ ಫುಡ್ ಗ್ರೇಡ್." ಶೇ. 2ರ ಬಾಟಲಿಯನ್ನೂ ಅಲ್ಲಿಗೇ ನಿಲ್ಲಿಸಿದೆ. ಪರೀಕ್ಷೆಯ ವರದಿ ತೋರಿಸುವವರು ಯಾರಾದರೂ ಗೊತ್ತಿದ್ದರೆ, ಬ್ರಿಟನ್‌ನಲ್ಲಿರುವವರು ಹೇಳಿ.