ಅರಿಜೋನಾದ ಸೆಕ್ರೆಟರಿ ಆಫ್ ಸ್ಟೇಟ್: ಈ ಹುದ್ದೆಯ ವೋಟನ್ನು ಖಾಲಿ ಬಿಡಬೇಡಿ

ಫೀನಿಕ್ಸ್, ಚಾಂಡ್ಲರ್, ಟೂಸಾನ್ ಕಡೆ ನೆಲೆಸಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರಿಗೆ ಒಂದು ಮಾತು. ಗವರ್ನರ್ ಹೆಸರಿಗೆ ಗುರುತು ಹಾಕಿ, ಉಳಿದದ್ದನ್ನು ಖಾಲಿ ಬಿಟ್ಟು ಲಕೋಟೆ ಅಂಟಿಸಬೇಡಿ. ಅದರ ಕೆಳಗೆ ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆ ಇರುತ್ತದೆ. ವಾಷಿಂಗ್ಟನ್ನಿನಲ್ಲಿ ವಿದೇಶಾಂಗ ನೋಡಿಕೊಳ್ಳುವವರು ಬೇರೆ, ಇವರು ಬೇರೆ. ಇವರು ಇಡೀ ರಾಜ್ಯದ ಚುನಾವಣೆಗೆ ಮುಖ್ಯಸ್ಥರು. ಕರ್ನಾಟಕದಲ್ಲಿ ಮುಖ್ಯ ಚುನಾವಣಾಧಿಕಾರಿ ಆಗುವವರು ಆಯೋಗ ನೇಮಿಸಿದ ಐಎಎಸ್ ಅಧಿಕಾರಿ. ಅರಿಜೋನಾದಲ್ಲಿ ಅವರೂ ಒಂದು ಪಕ್ಷದ ಅಭ್ಯರ್ಥಿಯಾಗಿ 4 ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲಬೇಕು.

ಮತ ಎಣಿಸುವುದು ಇವರ ಕೆಲಸವಲ್ಲ. ಅದನ್ನು 15 ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು, ಮಾಡುತ್ತವೆ. ಇವರ ಕೈಯಲ್ಲಿರುವ ಮುಖ್ಯ ಕೆಲಸ ಮೂರು: ಯಾವ ಯಂತ್ರ ಬಳಸಬಹುದು ಎಂದು ಪ್ರಮಾಣೀಕರಿಸುವುದು, ಚುನಾವಣಾ ಕಾರ್ಯವಿಧಾನದ ಕೈಪಿಡಿ ಬರೆಯುವುದು, ಕೌಂಟಿಗಳಿಂದ ಬಂದ ಲೆಕ್ಕ ಕೂಡಿಸಿ ರಾಜ್ಯದ ಫಲಿತಾಂಶಕ್ಕೆ ಸಹಿ ಹಾಕುವುದು. ಜನರ ಗಮನ ಸಹಿಯ ಮೇಲಿರುತ್ತದೆ. ನನ್ನ ಪ್ರಕಾರ ಹೆಚ್ಚು ತೂಕದ್ದು ಕೈಪಿಡಿ. ಬೆಸ ಸಂಖ್ಯೆಯ ವರ್ಷಗಳ ಕೊನೆಗೆ ಅದು ಸಿದ್ಧವಾಗಬೇಕು, ಗವರ್ನರ್ ಮತ್ತು ಅಟಾರ್ನಿ ಜನರಲ್ ಒಪ್ಪಬೇಕು. ಒಪ್ಪಿದರೆ ಅದಕ್ಕೆ ಕಾನೂನಿನ ಬಲ ಬರುತ್ತದೆ. ಅಂಚೆ ಮತದ ಲಕೋಟೆಯ ಮೇಲಿನ ಮತದಾರರ ಸಹಿ ತಾಳೆ ನೋಡುವುದು ಹೇಗೆ, ಯಾವ ಮತಪತ್ರ ತಿರಸ್ಕೃತ ಎಂಬಂಥ ಸಣ್ಣ ಸಣ್ಣ ಸಂಗತಿಗಳೆಲ್ಲ ಅಲ್ಲೇ ತೀರ್ಮಾನವಾಗುವುದು.

2022ರಲ್ಲಿ ಈ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದಿಂದ ಏಡ್ರಿಯನ್ ಫಾಂಟೆಸ್, ರಿಪಬ್ಲಿಕನ್ ಪಕ್ಷದಿಂದ ಮಾರ್ಕ್ ಫಿಂಚಮ್ ನಿಂತಿದ್ದರು. ಫಿಂಚಮ್ 2020ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನೇ ಒಪ್ಪದವರು, ಯಂತ್ರ ಬೇಡ, ಕೈಯಲ್ಲೇ ಎಣಿಸಬೇಕು ಎಂದು ಕೋರ್ಟಿಗೂ ಹೋಗಿದ್ದವರು. ಫಾಂಟೆಸ್ ಸುಮಾರು 1,20,000 ಮತಗಳಿಂದ ಗೆದ್ದರು. ಅದೇ ಮತಪತ್ರದಲ್ಲಿ ಗವರ್ನರ್ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದ ಕೇಟಿ ಹಾಬ್ಸ್ ಗೆದ್ದದ್ದು ಬರೀ 17,117ರಿಂದ. ಖಜಾಂಚಿ ಹುದ್ದೆಗೆ ರಿಪಬ್ಲಿಕನ್ ಪಕ್ಷದ ಕಿಂಬರ್ಲಿ ಯೀ ಸುಲಭವಾಗಿ ಗೆದ್ದರು. ಅಂದರೆ ಸಾಕಷ್ಟು ಮತದಾರರು ಪಕ್ಷ ನೋಡದೆ ಹುದ್ದೆ ನೋಡಿ ವೋಟು ಹಾಕಿದ್ದಾರೆ. ಹೀಗೇ ಆಗಬೇಕು.

ಕೈ ಎಣಿಕೆ ಕೇಳಲು ಚೆನ್ನಾಗಿದೆ. ನಮ್ಮವರೂ ಅನೇಕರು ಕೇಳುತ್ತಾರೆ, ಭಾರತದಲ್ಲಿ ಒಂದೇ ದಿನಕ್ಕೆ ಮುಗಿಯುತ್ತಲ್ಲ, ಅರಿಜೋನಾದಲ್ಲಿ ಯಾಕೆ ವಾರ ಹಿಡಿಯುತ್ತದೆ ಅಂತ. ಭಾರತದಲ್ಲೂ ಎಣಿಸುವುದು ಮತಯಂತ್ರವೇ; ಅದರ ಜೊತೆ ಮುದ್ರಣವಾಗುವ ವಿವಿಪ್ಯಾಟ್ ಚೀಟಿಯಲ್ಲಿ ಇರುವುದು ಒಂದೇ ಸ್ಪರ್ಧೆ. ಅಷ್ಟಾದರೂ ಒಂದು ವಿಧಾನಸಭಾ ಕ್ಷೇತ್ರಕ್ಕೆ 5 ಮತಗಟ್ಟೆಗಳ ಚೀಟಿಗಳನ್ನಷ್ಟೇ ಎಣಿಸಿ ತಾಳೆ ನೋಡುತ್ತೇವೆ. ಅರಿಜೋನಾದ ಮೊಹಾವಿ ಕೌಂಟಿ 2023ರಲ್ಲಿ ಪ್ರಯೋಗ ಮಾಡಿ ನೋಡಿತು. 850 ಮತಪತ್ರ, ಒಂದೊಂದರಲ್ಲಿ 36 ಸ್ಪರ್ಧೆ. ಒಂದು ಮತಪತ್ರಕ್ಕೆ ಸುಮಾರು 3 ನಿಮಿಷ ಹಿಡಿಯಿತು, 3 ದಿನ ಕೂತು ಎಣಿಸಿದ ಮೇಲೂ 46 ತಪ್ಪು ಉಳಿದವು. ಓದುವವರು ಒಂದು ಹೇಳಿ ಬರೆದುಕೊಳ್ಳುವವರು ಇನ್ನೊಂದು ಬರೆಯುವುದು, ದಣಿವು, ಬೇಸರ, ಗೀಟು ತಪ್ಪುವುದು. ಇಡೀ ಕೌಂಟಿಗೆ ಇದನ್ನೇ ಮಾಡಿದರೆ 10 ಲಕ್ಷ ಡಾಲರ್ ಮೀರುತ್ತದೆ ಎಂದು ಲೆಕ್ಕ ಬಂತು. ಕೌಂಟಿಯ ಆಡಳಿತ ನಡೆಸುವ, ಜನರೇ ಆರಿಸಿದ ಮೇಲ್ವಿಚಾರಕರ ಮಂಡಳಿ 3-2ರಲ್ಲಿ ಬೇಡ ಎಂದಿತು. ಕೈ ಎಣಿಕೆಗೆ ಸರಿಯಾದ ಜಾಗ ಆಯ್ದ ಮತಪತ್ರಗಳ ತಪಾಸಣೆ, ಮತ್ತು ಅದು ಅರಿಜೋನಾ ಕಾನೂನಿನಲ್ಲಿ ಈಗಾಗಲೇ ಇದೆ.

ಇನ್ನು ಫಲಿತಾಂಶಕ್ಕೆ ಹಾಕುವ ಸಹಿಯ ವಿಷಯ. ಅದೇ 2022ರಲ್ಲಿ ಕೊಚೀಸ್ ಕೌಂಟಿಯ ಮೂವರು ಮೇಲ್ವಿಚಾರಕರಲ್ಲಿ ಇಬ್ಬರು ನವೆಂಬರ್ 28ರ ಗಡುವಿನೊಳಗೆ ಫಲಿತಾಂಶ ದೃಢೀಕರಿಸಲು ಒಪ್ಪಲಿಲ್ಲ. ಅದು ರಿಪಬ್ಲಿಕನ್ ಬಲವಿರುವ ಕೌಂಟಿ. ಅಲ್ಲಿನ 47,000ಕ್ಕೂ ಹೆಚ್ಚು ಮತ ಬಿಟ್ಟುಹೋಗಿದ್ದರೆ, ರಾಜ್ಯದ ಶಿಕ್ಷಣ ಮುಖ್ಯಸ್ಥರ ಹುದ್ದೆಯನ್ನು ಸುಮಾರು 9,000 ಮತಗಳಿಂದ ಗೆದ್ದಿದ್ದ ಅದೇ ಪಕ್ಷದ ಟಾಮ್ ಹಾರ್ನ್ ಸೋತುಬಿಡುತ್ತಿದ್ದರು! ಡಿಸೆಂಬರ್ 1ಕ್ಕೆ ಕೋರ್ಟು ಆದೇಶಿಸಿತು, ಅದೇ ದಿನ ದೃಢೀಕರಣ ಆಯಿತು, 5ಕ್ಕೆ ರಾಜ್ಯದ ಸಹಿ ಬಿತ್ತು. ಅಲ್ಲಿ ಕೆಲಸ ಮಾಡಿದ್ದು ಕಾನೂನಿನಲ್ಲಿ ಬರೆದಿದ್ದ ತಾರೀಕು. ಯಾರ ಒಳ್ಳೆಯತನವನ್ನೂ ಅದು ನೆಚ್ಚಿಕೊಂಡಿರಲಿಲ್ಲ.

ಆದರೆ ಆವತ್ತು ಸಹಿ ಹಾಕಿದವರು ಯಾರು? ಸೆಕ್ರೆಟರಿ ಆಗಿದ್ದ ಹಾಬ್ಸ್, ಅಂದರೆ ಗವರ್ನರ್ ಆಗಿ ಗೆದ್ದವರೇ. ಲೆಕ್ಕದಲ್ಲಿ ತಪ್ಪಿರಲಿಲ್ಲ, ನೋಡಲು ಮಾತ್ರ ಸರಿಯಲ್ಲ. ಜಾರ್ಜಿಯಾ ರಾಜ್ಯದಲ್ಲಿ 2018ರಲ್ಲಿ ರಿಪಬ್ಲಿಕನ್ ಪಕ್ಷದ ಬ್ರಯಾನ್ ಕೆಂಪ್ ಕೂಡ ಇದೇ ಹುದ್ದೆಯಲ್ಲಿದ್ದುಕೊಂಡೇ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿ, ಮತದಾನ ಮುಗಿದ ಮೇಲೆ ರಾಜೀನಾಮೆ ಕೊಟ್ಟರು. ಬೇರೆ ಹುದ್ದೆಗೆ ನಿಲ್ಲುವವರು ಆ ವರ್ಷದ ಚುನಾವಣಾ ಕೆಲಸದಿಂದ ಹೊರಗಿರಬೇಕು ಎಂದು ಕಾನೂನೇ ಹೇಳಬೇಕು. ಎರಡೂ ಪಕ್ಷಕ್ಕೆ ಇದು ಒಂದೇ.

ಫಾಂಟೆಸ್ ಎಲ್ಲ ಸರಿ ಮಾಡಿದರು ಎಂದೂ ಅಲ್ಲ. ಕೌಂಟಿಯೊಂದು ದೃಢೀಕರಿಸದಿದ್ದರೆ ಅದರ ಮತ ಬಿಟ್ಟು ಮುಂದುವರಿಯಬೇಕು ಎಂದು 2023ರ ಕೈಪಿಡಿಯಲ್ಲಿ ಬರೆಸಿದರು. ಮೇಲ್ವಿಚಾರಕರ ಹಟಕ್ಕೆ ಮತದಾರರಿಗೆ ಶಿಕ್ಷೆ! 2024ರಲ್ಲಿ ಫೆಡರಲ್ ನ್ಯಾಯಾಧೀಶರು ಅದನ್ನು ತಡೆದದ್ದು ಒಳ್ಳೆಯದಾಯಿತು. ಹಾಗಾಗಿ ಅಭ್ಯರ್ಥಿಗಳನ್ನು ಕೇಳಬೇಕಾದ್ದು ಇದು: ಕೈಪಿಡಿಯಲ್ಲಿ ಏನು ಬದಲಿಸುತ್ತೀರಿ? ನಿಮ್ಮ ಪಕ್ಷ ಸೋತರೂ ಗಡುವಿನ ದಿನ ಸಹಿ ಹಾಕುತ್ತೀರಾ? ಎರಡನೆಯದಕ್ಕೆ “ನೋಡೋಣ” ಎಂದವರಿಗೆ ನನ್ನ ವೋಟಿಲ್ಲ.

ನೋಂದಣಿಗೆ ಮತದಾನಕ್ಕಿಂತ 29 ದಿನ ಮೊದಲೇ ಕೊನೆ. ಅಂಚೆ ಮತಪತ್ರಗಳು 27 ದಿನ ಮೊದಲಿನಿಂದ ಹೊರಡುತ್ತವೆ. ತುಂಬಿದ ಮತಪತ್ರ ಮತದಾನದ ದಿನ ಸಂಜೆ 7ರೊಳಗೆ ಕೌಂಟಿಯವರ ಕೈ ಸೇರಿರಬೇಕು, ಅಂಚೆ ಮುದ್ರೆಯ ತಾರೀಕು ಲೆಕ್ಕಕ್ಕಿಲ್ಲ. ಲಕೋಟೆಯ ಮೇಲಿನ ಸಹಿಯನ್ನು ಕಡತದಲ್ಲಿರುವ ಹಳೆಯ ಸಹಿಗಳ ಜೊತೆ ಹೋಲಿಸುತ್ತಾರೆ. ಬ್ಯಾಂಕಿಗೊಂದು, ಲೈಸೆನ್ಸಿಗೊಂದು ಸಹಿ ಇಟ್ಟುಕೊಂಡವರು ಜೋಪಾನ. ತಾಳೆಯಾಗದಿದ್ದರೆ ಕೌಂಟಿಯವರೇ ಸಂಪರ್ಕಿಸುತ್ತಾರೆ, ಸರಿಪಡಿಸಲು ಸಿಗುವುದು ಮತದಾನದ ನಂತರ 5 ದಿನ. ಆ ದಿನಗಳಲ್ಲಿ ಗೊತ್ತಿಲ್ಲದ ನಂಬರಿನ ಕರೆಯನ್ನೂ ಎತ್ತಿ.